ಮಾವನ ಉಸಿರು, ಬೊರಿವಲಿಯ ಹೊಗೆ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನನ್ನ ಅತ್ತೆ, "ಅವಳು ಹೊಗೆ ನೋಡುದು" ಅಂದುಬಿಡುತ್ತಾರೆ. ಕೇಳಿದವರು ಮುಂದೇನು ಕೇಳಬೇಕೆಂದು ತಿಳಿಯದೆ ಚಹಾದ ಕಪ್ಪಿನೊಳಗೆ ಇಣುಕುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟೆಲ್ಲ ಓದಿ, ಅಷ್ಟು ದೊಡ್ಡ ಪರದೆಯ ಮುಂದೆ ಕೂತು ಕಣ್ಣು ಕೆಡಿಸಿಕೊಳ್ಳುವವಳನ್ನು ಹಸಿ ಕಟ್ಟಿಗೆಯ ಒಲೆಯ ಮುಂದೆ ಕೂತವಳ ಹಾಗೆ ಮಾಡಿಬಿಟ್ಟರಲ್ಲ ಅಂತ. ಈಗ ನನಗೂ ಬೇರೆ ಉತ್ತರ ಹೊಳೆಯುವುದಿಲ್ಲ. ನಾನು ಹೊಗೆ ನೋಡುತ್ತೇನೆ. ಪವಾಯಿಯಲ್ಲಿ, ಕೆರೆ ಕಾಣದ ಕಡೆಯ ಒಂದು ಆಫೀಸಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ.

ಚಳಿಗಾಲ ಮುಗಿದು ಮಳೆ ಬರುವವರೆಗಿನ ತಿಂಗಳುಗಳು ನಮ್ಮ ಸೀಸನ್. ಉತ್ತರಾಖಂಡದ ಪೈನ್ ಕಾಡು, ಒಡಿಶಾದ ಕಾಡು, ಘಟ್ಟದ ಒಣಹುಲ್ಲಿನ ಗುಡ್ಡಗಳು, ಎಲ್ಲೋ ಒಂದು ಕಡೆ ಬೆಂಕಿ ಇದ್ದೇ ಇರುತ್ತದೆ. ಉಪಗ್ರಹ ಮೇಲಿನಿಂದ ಚಿತ್ರ ತೆಗೆದು ಕಳಿಸುತ್ತಿರುತ್ತದೆ. ಹೊಗೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ಆ ಚಿತ್ರಗಳಲ್ಲಿ ಹುಡುಕಿ, ಅದರ ಸುತ್ತ ಮೌಸಿನಿಂದ ಗೆರೆ ಎಳೆದು, ತೆಳು, ಮಧ್ಯಮ, ದಟ್ಟ ಅಂತ ಬಣ್ಣ ತುಂಬುವುದು ನಮ್ಮ ಕೆಲಸ. ಅದನ್ನು ಕಂಪ್ಯೂಟರೇ ಮಾಡುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಮಾಡುತ್ತದೆ. ಮೋಡವನ್ನು ಹೊಗೆ ಅನ್ನುತ್ತದೆ, ಹೊಗೆಯನ್ನು ಧೂಳು ಅನ್ನುತ್ತದೆ, ಆಮೇಲೆ ನಾವು ಕೂತು ತಿದ್ದುತ್ತೇವೆ.

ಒಂದೇ ಚಿತ್ರ ಇಟ್ಟುಕೊಂಡು ನೋಡಿದರೆ ನನಗೂ ಏನೂ ತಿಳಿಯುವುದಿಲ್ಲ. ಬೆಳಗಿನಿಂದ ಬಂದ ಚಿತ್ರಗಳನ್ನೆಲ್ಲ ಸಾಲಾಗಿ ಓಡಿಸಬೇಕು. ಆಗ ಮೋಡ ಹಾಲು ಉಕ್ಕಿದ ಹಾಗೆ ಇದ್ದಲ್ಲೇ ಉಬ್ಬುತ್ತದೆ. ಊರ ಮೇಲಿನ ಮಬ್ಬು ಮುನಿಸಿಕೊಂಡ ನೆಂಟರ ಹಾಗೆ ಕೂತಲ್ಲಿಂದ ಏಳುವುದಿಲ್ಲ. ಹೊಗೆ ಮಾತ್ರ ಒಂದು ತುದಿಯನ್ನು ಬೆಂಕಿಗೆ ಕಟ್ಟಿಕೊಂಡು ಇನ್ನೊಂದು ತುದಿಯಲ್ಲಿ ಊರೂರು ತಿರುಗುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ನೆತ್ತಿಯ ಬಿಸಿಲಲ್ಲಿ ಮಾಯವಾಗಿದ್ದ ತೆಳು ಹೊಗೆ ಕೂಡ ಸಂಜೆಯ ಓರೆ ಬೆಳಕಿಗೆ ಹೊಳೆಯತೊಡಗುತ್ತದೆ. ಆದರೆ ಆ ಹೊಗೆ ಆಕಾಶದಲ್ಲೇ ತೇಲುತ್ತಿದೆಯೋ, ನೆಲಕ್ಕಿಳಿದು ಜನರ ಮೂಗಿಗೆ ಬಡಿಯುತ್ತಿದೆಯೋ ಎಂಬುದು ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಅದಕ್ಕೆ ಕೆಳಗಿದ್ದವರನ್ನೇ ಕೇಳಬೇಕು.

ನಾನು ಧಾರವಾಡದವಳು. ಓದಲಿಕ್ಕೆಂದು ಪವಾಯಿಗೆ ಬಂದೆ. ಓದುವಾಗ ಉಡುಪಿ ಕಡೆಯ ಹುಡುಗನೊಬ್ಬ ಗಂಟುಬಿದ್ದ, ನಾನೂ ಬಿಡಿಸಿಕೊಳ್ಳಲು ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ. ಹೀಗೆ ವಿಲೆ ಪಾರ್ಲೆಯ ಅವರ ಮನೆಗೆ ಸೊಸೆಯಾದೆ. ಅವರವರಲ್ಲಿ ತುಳು, ನನ್ನ ಜೊತೆ ಕನ್ನಡ. ನನ್ನ ಕನ್ನಡ ಕೇಳಿ ಅವರು ನಗುತ್ತಾರೆ, ಅವರ ಕನ್ನಡ ಕೇಳಿ ನಾನು ನಗುತ್ತೇನೆ, ಮನೆ ಹೇಗೋ ನಡೆಯುತ್ತದೆ. ಮಾವ ಸ್ಟೇಷನ್ ಹತ್ತಿರದ ಬಂಧುಗಳ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ನಿವೃತ್ತರಾದವರು. ವಾರವೆಲ್ಲ ಗಲ್ಲಾ, ಭಾನುವಾರ ಯಕ್ಷಗಾನ. ಇಲ್ಲಿಯ ಹವ್ಯಾಸಿ ಮೇಳವೊಂದಕ್ಕೆ ಅವರು ಭಾಗವತರು, ಅಂದರೆ ಇಡೀ ಆಟವನ್ನು ಹಾಡಿ ನಡೆಸುವವರು. ಭಾಗವತರ ಪದ ನಿಂತರೆ ರಂಗದ ಮೇಲಿನ ಕುಣಿತವೂ ನಿಲ್ಲುತ್ತದೆ. ತಲೆಗೆ ಕೆಂಪು ಮುಂಡಾಸು ಸುತ್ತಿ, ಜಾಗಟೆ ಕೈಗೆತ್ತಿಕೊಂಡು ಅವರು ಕೂತದ್ದನ್ನು ಮೊದಲ ಸಲ ನೋಡಿದಾಗ, ಗಿರಾಕಿಗಳ ಜೊತೆ ಚಿಲ್ಲರೆಗಾಗಿ ಗೊಣಗುವ ಮನುಷ್ಯ ಇವರೇನಾ ಅನ್ನಿಸಿತ್ತು.

ಹೋದ ಮಳೆಗಾಲದಲ್ಲಿ ಮಾವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮನೆಗೇನೋ ಬಂದರು, ಉಸಿರು ಮಾತ್ರ ಪೂರ್ತಿ ಹಿಂದಿರುಗಲಿಲ್ಲ. ಹೊಗೆ, ಧೂಳು, ಅಗರಬತ್ತಿ ಯಾವುದೂ ಕೂಡದು, ಹಾಡುವುದಂತೂ ಸದ್ಯಕ್ಕೆ ಬೇಡ ಅಂದರು ಡಾಕ್ಟರು. ಅತ್ತೆ ದೇವರ ಮುಂದೆ ಧೂಪ ಹಾಕುವುದನ್ನೇ ಬಿಟ್ಟರು. ಮಾವ ಯಾವುದಕ್ಕೂ ಏನೂ ಅನ್ನಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಇಡ್ಲಿ ಸ್ವಲ್ಪ ಗಟ್ಟಿಯಾದರೆ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದವರು ಈಗ ಬಾಲ್ಕನಿಯಲ್ಲಿ ಕೂತು ವಿಮಾನಗಳು ಇಳಿಯುವುದನ್ನು ನೋಡುತ್ತಿದ್ದರು. ಒಮ್ಮೊಮ್ಮೆ ತೊಡೆಯ ಮೇಲೆ ತಾಳ ಹಾಕುತ್ತ ಯಾವುದೋ ಪದ ಶುರುಮಾಡುವರು. ಎರಡನೇ ಸಾಲಿಗೆ ಉಸಿರು ಕೈಕೊಡುತ್ತಿತ್ತು. ಯಾರಿಗಾದರೂ ಕೇಳಿಸಿತೇ ಎಂದು ಹಿಂದೆ ತಿರುಗಿ ನೋಡುವರು. ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಕೇಳಿಸದವಳ ಹಾಗೆ ನಿಲ್ಲುತ್ತಿದ್ದೆ.

ಆ ದಿನಗಳಲ್ಲೇ ಅವರಿಗೆ ನನ್ನ ಕೆಲಸದ ಮೇಲೆ ಆಸಕ್ತಿ ಹುಟ್ಟಿತು. ಸಂಜೆ ನಾನು ಬಂದು ಚಪ್ಪಲಿ ಬಿಡುವುದರೊಳಗೆ ಪ್ರಶ್ನೆ ಬರುತ್ತಿತ್ತು.

"ಇವತ್ತು ನಿನ್ನ ಹೊಗೆ ಎಲ್ಲಿಗೆ ಮುಟ್ಟಿತು ಮಾರಾಯ್ತಿ?"

"ಒಡಿಶಾದಾಗ ಎದ್ದದ್ದು ಸಮುದ್ರದ ಮ್ಯಾಲೆ ಹೋತ್ರಿ ಮಾವಾರ."

"ಹಾಗಾದ್ರೆ ಇಲ್ಲಿಗೆ ಬರುದಿಲ್ಲ."

"ಇಲ್ಲಿಗ್ಯಾಕ ಬರತೈತ್ರಿ, ಅದಕ್ಕ ಬ್ಯಾರೆ ಕೆಲಸ ಇಲ್ಲೇನು?"

ಫೋನಿನಲ್ಲಿ ಚಿತ್ರಗಳನ್ನು ಓಡಿಸುವುದನ್ನು ಕಲಿಸಿಕೊಟ್ಟೆ. ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ತಳ್ಳುತ್ತ ತಾಸುಗಟ್ಟಲೆ ಕೂರುತ್ತಿದ್ದರು. ಉತ್ತರಾಖಂಡದ ಒಂದು ದೊಡ್ಡ ಹೊಗೆ ಕೆಳಗಿನ ಬಯಲಿಗೆ ಇಳಿದು ಅಲ್ಲಿಯೇ ಠಿಕಾಣಿ ಹೂಡಿದಾಗ, "ಇದಕ್ಕೆ ರಂಗಕ್ಕೆ ಬರ್ಲಿಕ್ಕೆ ಗೊತ್ತುಂಟು, ಹೋಗ್ಲಿಕ್ಕೆ ಗೊತ್ತಿಲ್ಲ. ನಮ್ಮ ಮೇಳದಲ್ಲೂ ಇಂಥವರು ಇದ್ದಾರೆ" ಅಂದರು. ಎಷ್ಟೋ ತಿಂಗಳ ಮೇಲೆ ಅವತ್ತು ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ನನಗೆ ಬಹಳ ಹಿತವೆನಿಸಿತು.

ಬೇಸಿಗೆ ಬಲಿಯುವ ಮುಂಚೆ ಮೇಳದವರು ಮನೆಗೆ ಬಂದರು. ಬೊರಿವಲಿ ಪೂರ್ವದಲ್ಲಿ, ನ್ಯಾಷನಲ್ ಪಾರ್ಕಿನ ಗುಡ್ಡಗಳ ಬುಡದ ಮೈದಾನದಲ್ಲಿ, ಒಂದು ಭಾನುವಾರ ಮಧ್ಯಾಹ್ನದ ಮೇಲೆ ಆಟ ಇಟ್ಟುಕೊಂಡಿದ್ದರು. ಮೊದಲ ಭಾಗವನ್ನು ಮಾವ ಹಾಡಬೇಕು, ಸಂಜೆಯ ಮೇಲೆ ಕಿರಿಯ ಭಾಗವತರು ಕೂರುತ್ತಾರೆ ಅಂದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಗಾಳಿ ಚೆನ್ನಾಗಿದ್ದರೆ ಹಾಡಲಿ, ಹೊಗೆ ಇದ್ದರೆ ಮಾತ್ರ ಬೇಡವೇ ಬೇಡ, ಮತ್ತೆ ಆಸ್ಪತ್ರೆಗೆ ಬರಬೇಕಾದೀತು ಅಂತ ಎಚ್ಚರಿಸಿ ಕಳಿಸಿದರು. ಅವತ್ತೇ ಅಟ್ಟದ ಮೇಲಿನ ಜಾಗಟೆ ಕೆಳಗಿಳಿಯಿತು. ಮಾವ ಬೆಳಿಗ್ಗೆ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಶ್ರುತಿ ಹಿಡಿಯತೊಡಗಿದರು. ಮೇಲಿನ ಮನೆಯ ಗುಜರಾತಿ ಹೆಂಗಸು ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಕೇಳಲು ಬಂದಳು.

ನಮ್ಮ ಗ್ರಹಚಾರ ನೋಡಿ, ಅದೇ ವಾರ ಬೊರಿವಲಿಯ ಉತ್ತರದ ಗುಡ್ಡಗಳಲ್ಲಿ ಒಣಹುಲ್ಲಿಗೆ ಬೆಂಕಿ ಬಿತ್ತು.

ನಮ್ಮ ಆಫೀಸಿನ ಲೆಕ್ಕದಲ್ಲಿ ಅದು ಬೆಂಕಿಯೇ ಅಲ್ಲ. ಚಿತ್ರದಲ್ಲಿ ಉಗುರಿನ ತುದಿಯಷ್ಟು ಕೊಳೆ, ಹುಡುಕಿದರಷ್ಟೇ ಕಾಣುತ್ತದೆ. ಹಿಮಾಲಯವೇ ಉರಿಯುತ್ತಿರುವಾಗ ಅದರ ಮೇಲೆ ಸಮಯ ಕಳೆಯಲು ಯಾರೂ ಬಿಡುವುದಿಲ್ಲ. ನಾನು ಊಟದ ಡಬ್ಬಿ ತೆರೆದಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಬೆಳಿಗ್ಗೆ ನೆಲದ ಕಡೆಯ ಗಾಳಿ ಹೊಗೆಯನ್ನು ಬೊರಿವಲಿಯ ಮನೆಗಳ ಮೇಲೆ ತಂದು ಹಾಕುತ್ತಿತ್ತು. ಮಧ್ಯಾಹ್ನ ಕಡಲ ಗಾಳಿ ಎದ್ದು ಅದನ್ನೆಲ್ಲ ಗುಡ್ಡ ದಾಟಿಸಿ ಆಚೆ ಮಗ್ಗುಲಿನ ಠಾಣೆ ಊರಿನ ಕಡೆ ತಳ್ಳುತ್ತಿತ್ತು. ದಿನವೂ ಇದೇ ಆಟ. ಶನಿವಾರ ಸಂಜೆ ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನೀನು ಹೋಗುವ ಅಂದ್ರೆ ಹೋಗುವ. ಬೇಡ ಅಂದ್ರೆ ಇಲ್ಲ. ನಾನು ಎಂತದೂ ಹೇಳುದಿಲ್ಲ" ಅಂದರು.

ನಾನು ಗಂಡನ ಮುಖ ನೋಡಿದೆ. ಅವನು, "ಹೊಗೆ ನಿನ್ನ ಡಿಪಾರ್ಟ್‌ಮೆಂಟ್" ಅಂತ ಕೈ ಎತ್ತಿಬಿಟ್ಟ. ಬೇಡ ಅಂದರೆ ಈ ಮನುಷ್ಯ ಮತ್ತೆ ಬಾಲ್ಕನಿಗೆ ಹೋಗಿ ಕೂರುತ್ತಾರೆ, ಮತ್ತೆ ಏಳಿಸಲು ನನ್ನಿಂದಾಗುವುದಿಲ್ಲ. ಹೋಗುವ ಅಂದು ಹೊಗೆ ಬಂದರೆ ಆಸ್ಪತ್ರೆ. ಇಷ್ಟು ವರ್ಷ ನಾನು ಎಳೆದ ಯಾವ ಗೆರೆಯೂ ನನಗೆ ಇಷ್ಟು ಹೆದರಿಕೆ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹಾಲು ಉಕ್ಕಿದರೂ ಏಳಲಿಲ್ಲ, ಅತ್ತೆ ಬೈದರು. ಮಧ್ಯಾಹ್ನದ ಹೊತ್ತಿಗೆ ಚಿತ್ರದಲ್ಲಿ ಹೊಗೆಯ ಬಾಲ ನಿಧಾನವಾಗಿ ಠಾಣೆಯ ಕಡೆ ತಿರುಗಿತು. ಇನ್ನು ಕೆಳಗಿನಿಂದ ಒಬ್ಬರು ಹೊಗೆ ಇಲ್ಲ ಅಂದರೆ ಸಾಕಿತ್ತು. ಹಾಗೆ ನೋಡಿ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ನನ್ನ ಗಂಡನ ಕಡೆಯವರ ಹೋಟೆಲು ಇಲ್ಲದ ಸ್ಟೇಷನ್ ಈ ಲೋಕಲ್ ರೈಲಿನ ಲೈನಿನಲ್ಲಿ ಯಾವುದೂ ಇಲ್ಲ. ಅತ್ತೆಯ ತಮ್ಮನ ಹೋಟೆಲು ಆ ಮೈದಾನದ ಎದುರಿಗೇ ಇತ್ತು. ಫೋನ್ ಮಾಡಿದೆ.

"ಹೊಗೆ ಉಂಟಾ ಅಂತ ಕೇಳ್ತಿಯಾ? ತಡಿ, ಹೊರಗೆ ಹೋಗಿ ನೋಡ್ತೇನೆ" ಅಂದರು. ಯಾವುದೋ ಬಾಗಿಲು ತೆರೆದ ಸದ್ದು. ಆಮೇಲೆ ದೀರ್ಘವಾಗಿ ಮೂಗೆಳೆದ ಸದ್ದು. ಆಮೇಲೆ ಕೆಮ್ಮು.

"ಉಂಟು ಮಾರಾಯ್ತಿ! ಗಟ್ಟಿ ಉಂಟು. ಭಾವನನ್ನು ಕರ್ಕೊಂಡು ಬರ್ಬೇಡಿ."

ಚಿತ್ರ ಒಂದು ಹೇಳುತ್ತದೆ, ಮೂಗು ಇನ್ನೊಂದು. ನೆಲದ ಮೇಲಿನ ಮಾತಿಗೆ ಮೂಗೇ ದೊಡ್ಡದು ಅಂತ ನಮ್ಮ ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವಳು ನಾನೇ. ಮಾವನ ಕೋಣೆಗೆ ಹೋಗಿ, "ಬ್ಯಾಡ್ರಿ ಮಾವಾರ, ಅಲ್ಲಿ ಹೊಗಿ ಐತಂತ" ಅಂದೆ. ಅವರು ಆಗಲೇ ಬಿಳಿ ಪಂಚೆ ಉಟ್ಟಿದ್ದರು. ಮಂಚದ ಮೇಲಿದ್ದ ಕೆಂಪು ಮುಂಡಾಸನ್ನು ಮಡಿಕೆ ಕೆಡದಂತೆ ಚೀಲಕ್ಕೆ ಹಾಕಿದರು. "ಆಯ್ತಲ್ಲ, ಎಂತ ಮಾಡ್ಲಿಕ್ಕಾಗ್ತದೆ" ಅಂದರು. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮತ್ತೆ ಬಂದು ಚಿತ್ರ ಓಡಿಸಿದೆ. ಬೊರಿವಲಿಯ ಮೇಲೆ ಏನೂ ಇಲ್ಲ. ಮತ್ತೆ ಓಡಿಸಿದೆ. ಏನೂ ಇಲ್ಲ. ನಾನು ಸ್ವಭಾವತಃ ಹಟಮಾರಿ, ಸೋಲು ಒಪ್ಪುವುದು ನನ್ನ ಜಾಯಮಾನದಲ್ಲಿಲ್ಲ. ಫೋನ್ ತೆಗೆದುಕೊಂಡು ಮತ್ತೆ ಅತ್ತೆಯ ತಮ್ಮನನ್ನೇ ಹಿಡಿದೆ.

"ಮಾವಾರ, ಎಂಥಾ ಹೊಗಿ ಅದು? ಸರಿಯಾಗಿ ಹೇಳ್ರಿ."

"ಎಂಥಾ ಅಂದ್ರೆ? ಕಣ್ಣಲ್ಲಿ ನೀರು ಬರ್ತದೆ, ಕೆಮ್ಮು ಬರ್ತದೆ, ನಮ್ಮ ಹುಡುಗರೆಲ್ಲ ಸೀನ್ತಾ ಇದ್ದಾರೆ."

ಅವರ ಹಿಂದೆ ನಿಜವಾಗಿಯೂ ಒಬ್ಬರ ಮೇಲೊಬ್ಬರು ಸೀನುತ್ತಿದ್ದರು. ಹುಲ್ಲಿನ ಹೊಗೆಗೆ ಇಡೀ ಅಡುಗೆಮನೆ ಸೀನುವುದನ್ನು ನಾನು ಕೇಳಿಲ್ಲ. ಆದರೆ ಸೀನುವ ಅಡುಗೆಮನೆಯಲ್ಲಿ ನಾನು ಹುಟ್ಟಿ ಬೆಳೆದಿದ್ದೇನೆ.

"ನೀವು ಎಲ್ಲಿ ನಿಂತೀರಿ ಈಗ?"

"ಹಿಂದಿನ ಬಾಗಿಲಲ್ಲಿ. ಭಾನುವಾರದ ರಶ್ಶು, ಎದುರು ಹೋಗಿ ನಿಂತ್ರೆ ಗಲ್ಲಾ ಯಾರು ನೋಡುದು?"

"ಒಳಗ ಮೆಣಸಿನಕಾಯಿ ಹುರ್ಯಾಕತ್ತಾರೇನ್ರಿ?"

ಅವರು ಒಳಗೆ ಯಾರನ್ನೋ ತುಳುವಿನಲ್ಲಿ ಕೇಳಿದರು. ಆಮೇಲೆ, "ಹುರೀತಾ ಇದ್ದಾರೆ. ಸಾಂಬಾರು ಪುಡಿಗೆ. ಬ್ಯಾಡಗಿ ಮೆಣಸು. ಆದ್ರೆ ಅದು ಹೊಗೆ ಅಲ್ಲ ಮಾರಾಯ್ತಿ, ಅದು ದಿನಾ ಇರುದು" ಅಂದರು.

ನನಗೆ ನಗು ತಡೆಯಲಿಲ್ಲ. ನಮ್ಮೂರ ಕಡೆಯ ಮೆಣಸಿನಕಾಯಿ ಬೊರಿವಲಿಯವರೆಗೆ ಬಂದು ನನ್ನ ಮಾವನ ಆಟಕ್ಕೆ ಅಡ್ಡ ನಿಂತಿತ್ತು. ಜನ್ಮವಿಡೀ ಕಾವಲಿ, ಒಗ್ಗರಣೆಗಳ ನಡುವೆ ಇದ್ದವರಿಗೆ ಸ್ವಂತ ಹೊಗೆ ಯಾವುದು, ಊರ ಹೊಗೆ ಯಾವುದು ಅಂತ ಹೇಗೆ ತಿಳಿಯಬೇಕು? ಗಲ್ಲಾದ ಮೇಲೆ ಯಾರನ್ನಾದರೂ ಕೂರಿಸಿ ರಸ್ತೆ ದಾಟಿ ಮೈದಾನಕ್ಕೆ ಹೋಗಿ ಅಂದೆ. ಗೊಣಗುತ್ತ ಹೋದರು. ದಾರಿಯುದ್ದಕ್ಕೂ ಆಟೋದವರ ಜೊತೆ ಹಿಂದಿಯಲ್ಲಿ ಜಗಳ ಕೇಳಿಸುತ್ತಿತ್ತು. ಕೊನೆಗೆ ಮೈದಾನದ ನಡುವೆ ನಿಂತು, "ಇಲ್ಲಿ ಎಂತದೂ ಇಲ್ಲ. ಗಾಳಿ ಚಂದ ಉಂಟು. ಬನ್ನಿ ಬನ್ನಿ" ಅಂದರು.

ನಾನು ಮಾವನ ಕೋಣೆಗೆ ಓಡಿದೆ. "ಏಳ್ರಿ, ಹೋಗೋಣು." ಅವರು ಯಾಕೆ ಏನು ಅಂತ ಕೇಳಲೇ ಇಲ್ಲ, ಚೀಲ ಎತ್ತಿಕೊಂಡು ನನಗಿಂತ ಮೊದಲು ಲಿಫ್ಟಿನ ಹತ್ತಿರ ನಿಂತಿದ್ದರು.

ಭಾನುವಾರವಾದ್ದರಿಂದ ಹಳಿ ರಿಪೇರಿಯ ಬ್ಲಾಕು, ಲೋಕಲ್ಲುಗಳು ಆಮೆಯಂತೆ ಹೊರಟಿದ್ದವು. ಹೇಗೋ ಮುಟ್ಟಿದೆವು. ಮೈದಾನದ ಹಿಂದೆ, ದೂರದ ಗುಡ್ಡದ ನೆತ್ತಿಯಲ್ಲಿ ಕಂದು ಬಣ್ಣದ ಹೊಗೆ ನಮಗೆ ಬೆನ್ನು ಹಾಕಿ ವಾಲಿತ್ತು. ಪರದೆಯ ಮೇಲೆ ವಾರವಿಡೀ ನೋಡಿದ್ದನ್ನು ಕಣ್ಣಾರೆ ನೋಡಿ, ಗುರುತಿನವರು ಸಿಕ್ಕ ಹಾಗಾಯಿತು. ಮಾವ ಮುಂಡಾಸು ಸುತ್ತಿ ರಂಗದ ಹಿಂದಿನ ಮೇಜಿನ ಮೇಲೆ ಕೂತರು. ಚೆಂಡೆ, ಮದ್ದಳೆಯವರು ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಗಣಪತಿಯ ಸ್ತುತಿ ಎತ್ತಿಕೊಂಡಾಗ ದನಿ ಸ್ವಲ್ಪ ನಡುಗಿತು. ಅತ್ತೆ ನನ್ನ ಮೊಣಕೈ ಹಿಡಿದದ್ದು ಗುರುತು ಬೀಳುವಷ್ಟು ಬಿಗಿಯಾಗಿತ್ತು. ಎರಡನೇ ಸಾಲು ಬಂತು, ದಾಟಿತು. ಮೂರನೆಯದೂ ದಾಟಿತು. ಆಮೇಲೆ ಅವರಿಗೆ ನಮ್ಮ ನೆನಪೇ ಇದ್ದಂತೆ ಕಾಣಲಿಲ್ಲ.

ಬಿಸಿಲು ಹಳದಿಯಾಗುವ ಹೊತ್ತಿಗೆ ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಪದ ಬಂತು. ಎಳೆದು ಎಳೆದು ಹಾಡುವಂಥದ್ದು, ನಡುವೆ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ. ಆ ಪದದ ಅರ್ಥ ಪೂರ್ತಿ ಆಗದಿದ್ದರೂ ನನಗೆ ಕಣ್ಣು ತುಂಬಿ ಬಂತು. ಒಂದು ಕಡೆ ಅವರು ಕಣ್ಣು ಮುಚ್ಚಿ ಸ್ವಲ್ಪ ಹೆಚ್ಚೇ ತಡೆದರು, ಚೆಂಡೆಯವರು ನುಡಿಸಿ ಆ ಜಾಗ ತುಂಬಿದರು, ಮತ್ತೆ ಎತ್ತಿಕೊಂಡರು. ಪದ ಮುಗಿಸಿ, ಜಾಗಟೆಯನ್ನು ಕಣ್ಣಿಗೊತ್ತಿ ಕಿರಿಯ ಭಾಗವತರ ಕೈಗಿಟ್ಟು, ಯಾರ ಆಸರೆಯೂ ಇಲ್ಲದೆ ಕೆಳಗಿಳಿದು ಬಂದರು. ಅವತ್ತು ನಾನು ಎಷ್ಟು ಸುಖವಾಗಿದ್ದೆ ಅಂದರೆ, ಅತ್ತೆಯ ತಮ್ಮನ ಹೋಟೆಲಿನಲ್ಲಿ ಅವರು ಬಲವಂತ ಮಾಡಿದ್ದನ್ನೆಲ್ಲ ತಿಂದೆ.

ಸೋಮವಾರ ಆಫೀಸಿನಲ್ಲಿ, ಸುಮ್ಮನೆ ಖುಷಿಗೆ, ಹಿಂದಿನ ದಿನದ ಚಿತ್ರಗಳನ್ನು ಓಡಿಸಿದೆ. ಮಧ್ಯಾಹ್ನ ಹೊಗೆ ನಾನು ಹೇಳಿದಂತೆಯೇ ಠಾಣೆಯ ಕಡೆ ಹೋಗಿತ್ತು. ಹಾಗೇ ಮುಂದೆ ಓಡಿಸಿದೆ. ಸಂಜೆಯ ಹೊತ್ತಿಗೆ ಕಡಲ ಗಾಳಿ ಮೆಲ್ಲಗೆ ತಿರುಗಿ ಉತ್ತರದಿಂದ ಬೀಸತೊಡಗಿತ್ತು. ಓರೆ ಬಿಸಿಲಿಗೆ ಹೊಳೆಯುತ್ತ, ಬೆರಳಿನಂಥ ತೆಳು ಹೊಗೆಯೊಂದು ಉತ್ತರದ ಗುಡ್ಡದಿಂದ ಇಳಿದು ಬಂದು ಆ ಮೈದಾನ ಇರುವ ಜಾಗದ ಮೇಲೇ ಮಲಗಿತ್ತು. ಚಿತ್ರದ ಸಮಯವನ್ನು ಆಟದ ಹೊತ್ತಿಗೆ ಹೋಲಿಸಿ ನೋಡಿದೆ. ಆ ತಾಯಿಯ ಪದದ ಹೊತ್ತು.

ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ, ಮೂಗಿಗೂ ಬಂದಿರಲಿಲ್ಲ. ಮೇಲೆ ಮೇಲೆಯೇ ಹೋಗಿರಬಹುದು ಅಂತ ಸಮಾಧಾನ ಮಾಡಿಕೊಂಡೆ. ಆಗ ಅವರು ಕಣ್ಣು ಮುಚ್ಚಿ ತಡೆದದ್ದು ನೆನಪಾಯಿತು. ಸಂಜೆ ಮನೆಗೆ ಬಂದಾಗ ಸಿಟ್ಟು ನೆತ್ತಿಗೇರಿತ್ತು. ಮಾವ ಆರಾಮಾಗಿ ಪೇಪರ್ ಓದುತ್ತಿದ್ದರು, ಕೆಮ್ಮು ಗಿಮ್ಮು ಏನೂ ಇರಲಿಲ್ಲ. ಫೋನನ್ನು ಅವರ ಮುಂದೆ ಹಿಡಿದೆ.

"ಇಲ್ಲಿ ನೋಡ್ರಿ. ನೀವು ಹಾಡೂ ಮುಂದ ಹೊಗಿ ಬಂದಿತ್ತು. ನಿಮಗ ವಾಸನಿ ಬರಲಿಲ್ಲೇನ್ರಿ?"

ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿದರು.

"ಬಂತು," ಅಂದರು. "ಮೊದಲು ಮೂಗಿಗೆ. ಆಮೇಲೆ ಗಂಟಲಿಗೆ."

"ಮತ್ಯಾಕ ನಿಲ್ಲಸಲಿಲ್ರಿ? ಜಾಗಟಿ ಕೊಟ್ಟು ಎದ್ದು ಬರಬೇಕಿತ್ತಿಲ್ಲೋ?"

"ಎದ್ದು ಬಂದಿದ್ರೆ, ನೀನು ಇನ್ನೊಂದು ಸಲ ಹೋಗುವ ಅಂತ ಹೇಳ್ತಿದ್ಯಾ?"

ಅಷ್ಟು ಹೊತ್ತಿನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವರು ಎದ್ದು ಬಂದಿದ್ದರೆ ಆಮೇಲೆ ಪ್ರತಿ ಭಾನುವಾರವೂ ನನಗೆ ಬರೀ ಹೊಗೆಯೇ ಕಾಣುತ್ತಿತ್ತು. ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಇಲ್ರಿ ಮಾವಾರ," ಅಂದೆ.

"ಗೊತ್ತುಂಟು," ಅಂದರು. "ಅದಕ್ಕೇ ಮುಗಿಸಿ ಬಂದೆ."